ಅಳತೆಗೋಲಿನ ಅಳತೆ

(ಬಾನುಲಿ ಭಾಷಣ)

ನಮ್ಮ ತಂದೆಯವರ ಕಾಲದಲ್ಲಿ ಸೇಡಮಿನ ಸಂತೆಯಲ್ಲಿ ಎರಡು ಬಗೆಯ ರೂಪಾಯಿಗಳು ಚಲಾವಣೆಯಲ್ಲಿದ್ದವು. ಒಂದು ಹೈದರಾಬಾದು ಸಂಸ್ಥಾನದ ಹಾಲಿ ಸಿಕ್ಕಾ, ಇನ್ನೊಂದು ಕಲ್ದಾರ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ ರೂಪಾಯಿ ಎಂಬುದು ಲೆಕ್ಕ. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿಹೋದ ಮೇಲೂ ಹಾಲಿ ರೂಪಾಯಿ ಕೂಡಲೇ ಮಾಯವಾಗಲಿಲ್ಲ. 1959ರವರೆಗೂ ಅದು ಕಲ್ದಾರದ ಜೊತೆಜೊತೆಯಲ್ಲಿಯೇ ನಡೆಯಿತು. ಯಾರಾದರೂ ‘ನೂರು ರೂಪಾಯಿ’ ಎಂದರೆ ತಂದೆಯವರ ಮೊದಲ ಪ್ರಶ್ನೆ ‘ಹಾಲಿಯೋ, ಕಲ್ದಾರೋ?’ ಎಂಬುದಾಗಿತ್ತಂತೆ. ಸಂಖ್ಯೆ ಒಂದೇ, ಆದರೆ ಯಾವ ಅಳತೆಯಲ್ಲಿ ಆ ಸಂಖ್ಯೆ ಎಂಬುದನ್ನು ತಿಳಿಯದ ಹೊರತು ಅದಕ್ಕೆ ಅರ್ಥವಿಲ್ಲ ಎಂಬುದು ಓದು ಬಾರದ ಸಂತೆಯವರಿಗೂ ಗೊತ್ತಿತ್ತು.

ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದ ನಾನು ಬ್ಯಾಟರಿ, ಚಾರ್ಜರು, ಮಲ್ಟಿಮೀಟರುಗಳನ್ನು ಕುರಿತು ಮಾತನಾಡಹೊರಟಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ತಂದೆಯವರ ಆ ಪ್ರಶ್ನೆಯನ್ನು ಕೇಳಬೇಕಾದ ಕಡೆಯಲ್ಲಿ ನಾನು ಕೇಳಲಿಲ್ಲ. ಅದರ ಬೆಲೆಯನ್ನು ನನ್ನ ಅಕ್ಕ ತೆರಬೇಕಾಯಿತು. ಆದುದರಿಂದ ಈ ಮಾತು.

ಅಕ್ಕನ ಮನೆ ಚಿಂಚೋಳಿಯಲ್ಲಿ. ಐವತ್ತು ವರ್ಷ ಕಟ್ಟಿಗೆ ಒಲೆಯ ಹೊಗೆಯನ್ನು ಕುಡಿದ ಅವಳ ಶ್ವಾಸಕೋಶಗಳು ಮುಪ್ಪಿನಲ್ಲಿ ಸೋತಿವೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ಯಂತ್ರವೊಂದರ ನೆರವಿನಿಂದ ಅವಳು ರಾತ್ರಿಯನ್ನು ಕಳೆಯುತ್ತಾಳೆ. ಆ ಯಂತ್ರಕ್ಕೆ ಸುಮಾರು ಮುನ್ನೂರು ವ್ಯಾಟ್ ವಿದ್ಯುತ್ತು ಬೇಕು. ಕರೆಂಟು ಹೋದಾಗ ಅದನ್ನು ನಡೆಸಲೆಂದು ಅವಳ ಮಗ ಒಂದು ಇನ್ವರ್ಟರನ್ನೂ 150 ಆಂಪಿಯರ್-ಅವರಿನ ಒಂದು ಬ್ಯಾಟರಿಯನ್ನೂ ತಂದಿಟ್ಟ. ಹೊಸದರಲ್ಲಿ ಅದು ಮೂರು ತಾಸು ಯಂತ್ರವನ್ನು ನಡೆಸುತ್ತಿತ್ತು.

ನನಗೆ ಆಗ ಹೊಸದೊಂದು ಹವ್ಯಾಸ ಹತ್ತಿತ್ತು. ವಾಡಿ ಜಂಕ್ಷನ್ನಿನ ಹೊರಗಿನ ಅಂಗಡಿಯೊಂದರಲ್ಲಿ ಇನ್ನೂರು ಚಿಲ್ಲರೆ ರೂಪಾಯಿಗೆ ಒಂದು ಹಳದಿ ಬಣ್ಣದ ಮಲ್ಟಿಮೀಟರನ್ನು ಕೊಂಡಿದ್ದೆ. ಅಂಗೈಯಗಲದ ಡಬ್ಬಿ, ನಡುವೆ ತಿರುಗಿಸುವ ಗುಂಡಿ, ಕೆಂಪು ಕಪ್ಪು ತಂತಿಗಳು, ಮೇಲೆ ಅಂಕಿಗಳು. ಮನೆಯ ಸೆಲ್ಲುಗಳನ್ನೆಲ್ಲ ಅಳೆದು ಬರೆದಿಡುತ್ತಿದ್ದೆ. ಒಂದು ಸಲ ಚಿಂಚೋಳಿಗೆ ಹೋದಾಗ ಅಕ್ಕನ ಬ್ಯಾಟರಿಗೂ ತಂತಿ ಹಚ್ಚಿದೆ. ಚಾರ್ಜಾಗುತ್ತಿದ್ದ ಬ್ಯಾಟರಿಯ ಮೇಲೆ 15.3 ವೋಲ್ಟ್ ಎಂದು ಮೀಟರು ತೋರಿತು. ಇರಬೇಕಾದುದು 14.4. ಬ್ಯಾಟರಿ ಕುದಿದು ಹಾಳಾಗುತ್ತದೆಂದು ಹೆದರಿ ಇನ್ವರ್ಟರು ರಿಪೇರಿಯವನನ್ನು ಕರೆಸಿ, ವೋಲ್ಟೇಜನ್ನು ಇಳಿಸಲು ಹೇಳಿದೆ. ಅವನು ಅರೆಮನಸ್ಸಿನಿಂದ ಕೇಳಿದ: “ನಿಮ್ಮ ಮೀಟರ್ ಖರೇ ತೋರಸ್ತದನ್ರಿ ಸರ?” ದಶಮಾಂಶದ ಎರಡು ಸ್ಥಾನದವರೆಗೆ ಅಂಕಿ ತೋರಿಸುವ ಯಂತ್ರವನ್ನು ಸಂಶಯಿಸುವುದು ಅಜ್ಞಾನವೆಂದು ನನಗೆ ತೋರಿತು. “ನೀನು ಇಳಿಸಪ್ಪ” ಎಂದೆ. “ಆಯ್ತ್ರಿ ಸರ” ಎಂದು, ನನ್ನ ಮೀಟರಿನಲ್ಲಿ 14.4 ಕಾಣುವವರೆಗೆ ಒಳಗಿನ ತಿರುಪನ್ನು ಇಳಿಸಿ ಹೋದ.

ಎಂಟು ತಿಂಗಳು ಕಳೆದವು. ಮೇ ತಿಂಗಳ ಒಂದು ರಾತ್ರಿ ಬಿರುಗಾಳಿ ಎದ್ದು ಕರೆಂಟು ಹೋಯಿತು. ಇನ್ವರ್ಟರು ಹತ್ತು ನಿಮಿಷ ನಡೆದು ಕೂಗಿ ನಿಂತಿತು. ಅಕ್ಕನ ತುಟಿ ನೀಲಿಗಟ್ಟತೊಡಗಿತು. ಮಗ ನೆರೆಯವರ ಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಅಕ್ಕ ಉಳಿದಳು. ಆದರೆ ಬೆಳಗ್ಗೆ ಆ ಸುದ್ದಿ ಕೇಳಿದಾಗ ನನ್ನ ಮನಸ್ಸಿಗೆ ಮೊದಲು ಬಂದುದು ಆ ರಿಪೇರಿಯವನ ಪ್ರಶ್ನೆ.

ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಂಡು ನಿವೃತ್ತರಾದ ಸ್ನೇಹಿತರೊಬ್ಬರು ನನಗಿದ್ದಾರೆ. ಅವರನ್ನು ಕರೆದುಕೊಂಡು ಚಿಂಚೋಳಿಗೆ ಹೋದೆ. ಅವರ ಬಳಿಯಿದ್ದ ಮೀಟರಿಗೆ ಪ್ರಯೋಗಾಲಯದ ಪ್ರಮಾಣಪತ್ರವಿತ್ತು. ಇನ್ವರ್ಟರನ್ನು ಬಿಡಿಸಿ, ಬ್ಯಾಟರಿಯನ್ನು ಕೆಲವು ತಾಸು ಸುಮ್ಮನೆ ಬಿಟ್ಟು, ಅವರ ಮೀಟರನ್ನೂ ನನ್ನ ಮೀಟರನ್ನೂ ಒಟ್ಟಿಗೆ ಅದೇ ಬ್ಯಾಟರಿಗೆ ಹಚ್ಚಿದರು. ಅವರದು 12.02 ಎಂದಿತು; ನನ್ನದು 12.74 ಎಂದಿತು. ಹನ್ನೆರಡು ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳು. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿದ್ದಾಗ 12.6ರಿಂದ 12.7 ವೋಲ್ಟ್ ತೋರುತ್ತದೆ. ಅರ್ಧ ಖಾಲಿಯಾದರೆ ಸುಮಾರು 12.2, 11.9ರ ಹತ್ತಿರ ಬಂದರೆ ಬರಿದಾಯಿತೆಂದೇ ಲೆಕ್ಕ. ಅಂದರೆ ಬ್ಯಾಟರಿ ಬಹುಪಾಲು ಬರಿದಾಗಿತ್ತು. ನನ್ನ ಮೀಟರು ಮಾತ್ರ ಅದು ತುಂಬಿ ತುಳುಕುತ್ತಿದೆ ಎನ್ನುತ್ತಿತ್ತು. ಚಾರ್ಜರಿನ ಬಗ್ಗೆ ಒಂದು ಸುಳ್ಳು, ಬ್ಯಾಟರಿಯ ಬಗ್ಗೆ ಇನ್ನೊಂದು ಸುಳ್ಳು. ಎರಡು ಸುಳ್ಳುಗಳೂ ಒಂದಕ್ಕೊಂದು ಸಾಕ್ಷಿ ಹೇಳಿದ್ದರಿಂದ ನನಗೆ ಸಂಶಯವೇ ಹುಟ್ಟಿರಲಿಲ್ಲ.

ಸ್ನೇಹಿತರು ನನ್ನ ಮೀಟರಿನ ಹಿಂಬದಿಯ ತಿರುಪು ಬಿಚ್ಚಿ, ಅದರೊಳಗಿನ ಒಂಬತ್ತು ವೋಲ್ಟಿನ ಚಿಕ್ಕ ಬ್ಯಾಟರಿಯನ್ನು ತೆಗೆದು ಹೊಸದನ್ನು ಹಾಕಿದರು. ಮತ್ತೆ ತಂತಿ ಹಚ್ಚಿದಾಗ 12.06 ಎಂದು ತೋರಿತು! ಮೀಟರು ಕೆಟ್ಟಿರಲಿಲ್ಲ, ಹಸಿದಿತ್ತು.

ಇದು ಹೇಗಾಯಿತೆಂಬುದನ್ನು ಅವರು ವಿವರಿಸಿದಾಗ ನನಗೆ ಮತ್ತೆ ತಂದೆಯವರ ನೆನಪಾಯಿತು. ಇಂಥ ಅಗ್ಗದ ಮೀಟರುಗಳ ಒಳಗೆ ಬಹುತೇಕ ಒಂದೇ ಜಾತಿಯ ಚಿಪ್ಪು ಇರುತ್ತದೆ. 7106 ಎಂಬುದು ಅದರ ಪ್ರಸಿದ್ಧ ಹೆಸರು. ಅದು ವೋಲ್ಟೇಜನ್ನು ‘ಅಳೆಯುವುದಿಲ್ಲ’, ಹೋಲಿಸುತ್ತದೆ. ಮೀಟರಿನೊಳಗೆ ನೂರು ಮಿಲಿವೋಲ್ಟಿನ ಒಂದು ಆಧಾರವನ್ನು ಇಟ್ಟಿರುತ್ತಾರೆ. ಹೊರಗಿನಿಂದ ಬಂದುದು ಈ ಆಧಾರದ ಎಷ್ಟು ಪಾಲು ಎಂಬುದನ್ನು ಲೆಕ್ಕ ಹಾಕಿ, ಅದನ್ನು ಸಾವಿರದಿಂದ ಗುಣಿಸಿ ಅಂಕಿಯಾಗಿ ತೋರಿಸುತ್ತದೆ. ಇಪ್ಪತ್ತು ವೋಲ್ಟಿನ ಸ್ಥಾನದಲ್ಲಿ ಅಳೆಯುವಾಗ ಹೊರಗಿನ ವೋಲ್ಟೇಜನ್ನು ಮೊದಲು ನೂರರಲ್ಲಿ ಒಂದು ಪಾಲಿಗೆ ಇಳಿಸಿಕೊಂಡು ಹೋಲಿಸುತ್ತದೆ. ಒಳಗಿನ ಬ್ಯಾಟರಿ ಗಟ್ಟಿಯಾಗಿರುವವರೆಗೆ ಆಧಾರ ಅಲುಗುವುದಿಲ್ಲ. ಅದು ಏಳು ವೋಲ್ಟಿಗಿಂತ ಕೆಳಗಿಳಿಯಿತೆಂದರೆ ಆಧಾರವೂ ಕುಸಿಯತೊಡಗುತ್ತದೆ. ಭಾಜಕ ಕುಗ್ಗಿದರೆ ಭಾಗಲಬ್ಧ ಹಿಗ್ಗುತ್ತದೆಯಷ್ಟೆ. ಸೇರು ಸವೆದು ಚಿಕ್ಕದಾದರೆ ಅದೇ ಜೋಳದ ರಾಶಿ ಹೆಚ್ಚು ಸೇರುಗಳಾಗಿ ಕಾಣುವಂತೆ! ಬಡವಾದ ಮೀಟರು ಲೋಕವನ್ನು ಇದ್ದುದಕ್ಕಿಂತ ಶ್ರೀಮಂತವೆಂದು ವರದಿ ಮಾಡುತ್ತದೆ. ಒಳ್ಳೆಯ ಮೀಟರುಗಳಲ್ಲಿ ಬ್ಯಾಟರಿ ಇಳಿದಾಗ ಅದರ ಗುರುತು ಮೂಡುತ್ತದೆ. ನನ್ನದರಲ್ಲಿ ಅಂಥ ಗುರುತೇ ಇರಲಿಲ್ಲ.

ನನ್ನ ಮೀಟರು ನೂರಕ್ಕೆ ಆರರಷ್ಟು ಹೆಚ್ಚು ಹೇಳುತ್ತಿತ್ತು. ಆದುದರಿಂದ ನಾವು 14.4 ಎಂದು ನಂಬಿ ನಿಲ್ಲಿಸಿದ್ದು ನಿಜಕ್ಕೂ 13.6. ಬ್ಯಾಟರಿ ತುಂಬಿದ ಮೇಲೆ ಅದನ್ನು ಹಾಗೆಯೇ ಕಾಯ್ದುಕೊಳ್ಳಲು 13.6ರ ಸುಮಾರಿನ ವೋಲ್ಟೇಜು ಬೇಕು; ಅದು 12.8ಕ್ಕೆ ಇಳಿದಿತ್ತು. ಅಂದರೆ ಬ್ಯಾಟರಿಗೆ ದಿನವೂ ಅರೆಹೊಟ್ಟೆ. ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂತು, ಆ ಭಾಗಗಳು ಕೆಲಸಕ್ಕೆ ಬಾರದಾದವು. ಸರಿಯಾಗಿದ್ದ ಚಾರ್ಜರನ್ನು ನಾನೇ ಕೆಡಿಸಿದ್ದೆ. ವೋಲ್ಟೇಜು ಹೆಚ್ಚಾದರೂ ಕೇಡೇ: ನೀರು ಆವಿಯಾಗಿ, ಅನಿಲವೆದ್ದು, ಫಲಕಗಳು ಸವೆಯುತ್ತವೆ. ಅದರಲ್ಲಿಯೂ ನಮ್ಮ ಭಾಗದ ಬೇಸಗೆಯಲ್ಲಿ ಈ ಎಲ್ಲೆ ಇನ್ನೂ ಕಿರಿದಾಗುತ್ತದೆ. ಬ್ಯಾಟರಿ ತಯಾರಕರು ಹೇಳುವ ಸಂಖ್ಯೆಗಳು 25 ಡಿಗ್ರಿ ಉಷ್ಣತೆಗೆ ಹೇಳಿದವು. ಪ್ರತಿ ಡಿಗ್ರಿ ಏರಿಕೆಗೆ ಪ್ರತಿ ಕೋಶಕ್ಕೆ ಸುಮಾರು ಮೂರು ಮಿಲಿವೋಲ್ಟಿನಂತೆ ಇಳಿಸಬೇಕು. 42 ಡಿಗ್ರಿಯ ಸೇಡಮಿನಲ್ಲಿ ಆರು ಕೋಶಗಳಿಗೆ ಇದು ಹತ್ತಿರ ಹತ್ತಿರ 0.3 ವೋಲ್ಟ್ ಆಗುತ್ತದೆ. ಕಾಯಬೇಕಾದ ಅಂತರವೇ ಇಷ್ಟು ಕಡಿಮೆಯಾಗಿರುವಾಗ, ಅರ್ಧ ವೋಲ್ಟಿಗಿಂತ ಹೆಚ್ಚು ತಪ್ಪುವ ಮೀಟರಿನಿಂದ ಏನು ಪ್ರಯೋಜನ?

ಹಾಗಾದರೆ ಅಗ್ಗದ ಮೀಟರು ನಂಬಿಕೆಗೆ ಅರ್ಹವಲ್ಲವೆ? ಅರ್ಹವೇ, ಆದರೆ ಒರೆಹಚ್ಚಿ ನಂಬಬೇಕು. ಸ್ನೇಹಿತರು ಕಲಿಸಿದ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ ಮೀಟರಿಗೆ ಹೊಸ ಬ್ಯಾಟರಿ ಹಾಕಬೇಕು. ಇದಕ್ಕೆ ಮುಂಚೆ ಬೇರೆ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಎರಡನೆಯದಾಗಿ, ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗಿಸಬೇಕು. ವೋಲ್ಟಿನ ಸ್ಥಾನದಲ್ಲಿ ಸೊನ್ನೆ ಬರಬೇಕು. ಅನಂತರ ಒಂದು ಸೆಲ್ಲನ್ನು ಅಳೆದು, ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಬೇಕು. ಋಣಚಿಹ್ನೆಯೊಡನೆ ಅದೇ ಸಂಖ್ಯೆ ಬರಬೇಕು. ಕೊನೆಯ ಅಂಕಿ ಒಂದು ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ. ಈ ಉಪಾಯವನ್ನು ನಾನು ಬೇರೊಂದು ರೂಪದಲ್ಲಿ ಮೊದಲೇ ಕಂಡಿದ್ದೆ. ನಮ್ಮ ಮನೆಗೆ ಶಹಾಬಾದಿನ ಫರಸಿ ಹಾಸುವಾಗ ಗೌಂಡಿಯು ರಸಮಟ್ಟವನ್ನು ಕಲ್ಲಿನ ಮೇಲಿಟ್ಟು ನೋಡಿ, ಅದರ ತುದಿಗಳನ್ನು ತಿರುಗಿಸಿ ಅದೇ ಜಾಗದಲ್ಲಿ ಮತ್ತೆ ಇಡುತ್ತಿದ್ದ. ಗುಳ್ಳೆ ಎರಡು ಸಲವೂ ಒಂದೇ ಗೆರೆಗೆ ನಿಂತರೆ ರಸಮಟ್ಟ ಸಾಚಾ. ಬೇರೆ ಬೇರೆ ಕಡೆ ಸರಿದರೆ ತಪ್ಪು ಕಲ್ಲಿನದಲ್ಲ, ರಸಮಟ್ಟದ್ದು. ಉಪಕರಣವನ್ನು ಅದರಿಂದಲೇ ಪರೀಕ್ಷಿಸುವ ಜಾಣ್ಮೆ ಇದು. ಆದರೆ ಇದಕ್ಕೊಂದು ಮಿತಿಯಿದೆ. ಸೊನ್ನೆ ಸರಿಯಿದೆಯೆ ಎಂಬುದನ್ನು ಇದು ಹೇಳುತ್ತದೆ. ನೂರಕ್ಕೆ ಆರು ಹೆಚ್ಚು ಹೇಳುವ ಮೀಟರು ತಿರುಗಿಸಿದರೂ ಆರು ಹೆಚ್ಚನ್ನೇ ಹೇಳುತ್ತದೆ. ಅದನ್ನು ಹಿಡಿಯಲು ಹೊರಗಿನ ಆಧಾರವೇ ಬೇಕು.

ಹೊರಗಿನ ಆಧಾರ ಯಾವುದು? ಹೊಸ ಸೆಲ್ಲಿನ ಮೇಲೆ 1.5 ಎಂದು ಅಚ್ಚಾಗಿದೆಯಲ್ಲ, ಅದೇ ಸಾಲದೆ ಎಂದು ನಾನು ಕೇಳಿದೆ. ಸಾಲದು. ಅದು ಹೆಸರು, ಅಳತೆಯಲ್ಲ. ಹೊಸ ಸೆಲ್ಲು 1.6 ತೋರಬಹುದು. ‘ಹನ್ನೆರಡು ವೋಲ್ಟಿನ ಬ್ಯಾಟರಿ’ ಎಂಬುದೂ ಹೆಸರೇ. ನಿಜವಾದ ಆಧಾರಗಳು ಎರಡು. ಪ್ರಮಾಣಪತ್ರವುಳ್ಳ ಮೀಟರು ಒಂದು. ನಿಶ್ಚಿತ ವೋಲ್ಟೇಜು ಕೊಡಲೆಂದೇ ಮಾಡಿದ ಚಿಪ್ಪು ಇನ್ನೊಂದು. ಎಡಿ 584 ಎಂಬ ಚಿಪ್ಪನ್ನು ಕೂರಿಸಿದ ಚಿಕ್ಕ ಹಲಗೆ ಕಡಿಮೆ ಬೆಲೆಗೆ ದೊರೆಯುತ್ತದೆ, ಅದು 2.5, 5, 7.5 ಮತ್ತು 10 ವೋಲ್ಟುಗಳನ್ನು ಕೊಡುತ್ತದೆ. ಅದರ ದರ್ಜೆಗಳಿಗೆ ಅನುಸಾರವಾಗಿ 10 ವೋಲ್ಟಿನಲ್ಲಿ 30 ಮಿಲಿವೋಲ್ಟಿನಷ್ಟು ವ್ಯತ್ಯಾಸ ಇರಬಹುದಾದುದೂ ಉಂಟು, 10 ಮಿಲಿವೋಲ್ಟಿನದೂ ಉಂಟು. ಯಾವ ದರ್ಜೆಯದೆಂದು ನೋಡಿಕೊಳ್ಳಬೇಕು. ಒರೆಗಲ್ಲು ಒರೆಗೊಡ್ಡುವ ವಸ್ತುವಿಗಿಂತ ನಾಲ್ಕು ಪಟ್ಟಾದರೂ ನಿಖರವಾಗಿರಬೇಕೆಂಬುದು ಅಳತೆಗಾರರ ಹಳೆಯ ಕಟ್ಟಳೆ.

ಹೋಲಿಸುವಾಗ ಎರಡು ಮೀಟರುಗಳನ್ನೂ ಅದೇ ಬ್ಯಾಟರಿಗೆ ಅದೇ ಕ್ಷಣದಲ್ಲಿ ಹಚ್ಚಿರಬೇಕು. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಮಾಡಬೇಕು. ಈ ಮೀಟರುಗಳ ನಿಖರತೆಯ ಭರವಸೆ 18ರಿಂದ 28 ಡಿಗ್ರಿಯವರೆಗೆ ಮಾತ್ರ. ನಮಗೆ ಬೇಕಾದುದು 12ರಿಂದ 15 ವೋಲ್ಟಿನ ಅಳತೆಯಾದರೆ ಅದರ ಸುತ್ತಮುತ್ತಲೇ ಹೋಲಿಸಬೇಕು. ಇಷ್ಟು ಮಾಡಿ ಬಂದ ವ್ಯತ್ಯಾಸವೆಲ್ಲ ದೋಷವೂ ಅಲ್ಲ. ತಯಾರಕರೇ ‘ನೂರಕ್ಕೆ ಅರ್ಧ ಮತ್ತು ಕೊನೆಯ ಅಂಕಿಯಲ್ಲಿ ಎರಡು’ ಎಂದು ರಿಯಾಯಿತಿ ಪಡೆದಿರುತ್ತಾರೆ. 14.40 ವೋಲ್ಟಿನಲ್ಲಿ ಇದು 0.07 ಮತ್ತು 0.02 ಸೇರಿ 0.09 ಆಯಿತು. ನನ್ನ ಮೀಟರು ಹೊಸ ಬ್ಯಾಟರಿಯೊಡನೆ ತೋರಿದ 0.04ರ ವ್ಯತ್ಯಾಸ ಈ ರಿಯಾಯಿತಿಯ ಒಳಗೇ ಇತ್ತು. ಮುಟ್ಟುವ ಅಗತ್ಯವಿರಲಿಲ್ಲ.

ವ್ಯತ್ಯಾಸವು ಹೆಚ್ಚಾಗಿದ್ದು, ಎಲ್ಲ ಅಳತೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿದ್ದರೆ ಆಗ ಸರಿಪಡಿಸಬಹುದು. ಮೀಟರಿನೊಳಗೆ ಚಿಪ್ಪಿನ ಬಳಿ ಒಂದು ಪುಟ್ಟ ತಿರುಪು ಇರುತ್ತದೆ. ಒಳಗಿನ ಆಧಾರವನ್ನು ನೂರು ಮಿಲಿವೋಲ್ಟಿಗೆ ತರುವುದು ಅದೇ. ಕೂದಲೆಳೆಯಷ್ಟು ತಿರುಗಿಸಿ, ಕಾದು, ನೋಡಿ, ಮತ್ತೆ ತಿರುಗಿಸಬೇಕು. ಮನೆಯ ಕರೆಂಟಿಗೆ ತಂತಿ ಹಚ್ಚಿರುವಾಗ ಮೀಟರನ್ನು ಎಂದಿಗೂ ತೆರೆಯಕೂಡದು. ಹೋಲಿಕೆಗೆ ಬ್ಯಾಟರಿ ಇಲ್ಲವೆ ಆಧಾರದ ಹಲಗೆ ಮಾತ್ರ. ಇಳಿದ ಬ್ಯಾಟರಿ ಇರುವಾಗ ಈ ತಿರುಪನ್ನು ತಿರುಗಿಸುವವರು, ಹೊಸ ಬ್ಯಾಟರಿ ಹಾಕಿದ ದಿನ ಅದೇ ತಪ್ಪನ್ನು ಹಿಮ್ಮುಖವಾಗಿ ಕಾಣುತ್ತಾರೆ. ತಿರುಪಿನ ಗೋಜೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ: ವ್ಯತ್ಯಾಸದ ಪ್ರಮಾಣವನ್ನು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೆ ಅಂಟಿಸುವುದು, ಅಳೆದಾಗಲೆಲ್ಲ ಅದರಿಂದ ಗುಣಿಸಿಕೊಳ್ಳುವುದು. ಏಳು ಹಾಲಿಗೆ ಆರು ಕಲ್ದಾರವೆಂದು ತಂದೆಯವರು ಮಾಡುತ್ತಿದ್ದುದು ಇದನ್ನೇ. ಹಾಲಿ ರೂಪಾಯಿ ಸುಳ್ಳಾಗಿರಲಿಲ್ಲ. ಅದರ ಪ್ರಮಾಣ ಗೊತ್ತಿದ್ದವನಿಗೆ ಅದೂ ಸಾಚಾ ಹಣವೇ.

ಇನ್ನು ಚಾರ್ಜರನ್ನು ಅಳೆಯುವ ಮಾತು. ಬ್ಯಾಟರಿಯನ್ನು ಬಿಡಿಸಿ ಬರೀ ಚಾರ್ಜರನ್ನು ಅಳೆದರೆ ದಾರಿ ತಪ್ಪುತ್ತದೆ. ಹಳೆಯ ಮಾದರಿಯ ಚಾರ್ಜರಿನಿಂದ ಹೊರಡುವ ವಿದ್ಯುತ್ತು ಅಲೆಅಲೆಯಾಗಿರುತ್ತದೆ. ಮೀಟರು ಅದರ ಸರಾಸರಿಯನ್ನಷ್ಟೇ ಹೇಳುತ್ತದೆ. ಕೆಲವು ಹೊಸ ಚಾರ್ಜರುಗಳು ಬ್ಯಾಟರಿಯನ್ನು ಕಾಣದೆ ಏನನ್ನೂ ಕೊಡುವುದಿಲ್ಲ. ಬ್ಯಾಟರಿಗೆ ಜೋಡಿಸಿದ ಮೇಲೆ, ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ತಂತಿಯ ತುದಿಗಳನ್ನು ಒತ್ತಿ ಅಳೆಯಬೇಕು. ಚಾರ್ಜರಿನ ಬದಿಯಲ್ಲಿ ಅಳೆದರೆ ನಡುವಿನ ತಂತಿಯಲ್ಲಿ ಕಳೆದುಹೋದುದು ಲೆಕ್ಕಕ್ಕೆ ಬರುವುದಿಲ್ಲ. ಚಾರ್ಜಿಗೆ ಹಾಕಿದ ಕೂಡಲೇ ಅಳೆಯದೆ, ತುಂಬುವ ಹಂತಕ್ಕೆ ಬಂದಾಗ ಒಮ್ಮೆ, ತುಂಬಿದ ಬಳಿಕ ಒಮ್ಮೆ ಅಳೆದು ಬರೆದಿಡಬೇಕು.

ಒಂದು ಪ್ರಶ್ನೆ ಉಳಿಯಿತು. ನನ್ನ ಮೀಟರಿಗೆ ಸ್ನೇಹಿತರ ಮೀಟರು ಆಧಾರ; ಸ್ನೇಹಿತರ ಮೀಟರಿಗೆ ಯಾರು ಆಧಾರ? ಮಾನ್ಯತೆ ಪಡೆದ ಪ್ರಯೋಗಾಲಯ. ಅದಕ್ಕೆ? ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ; ನಮ್ಮ ದೇಶದ ವೋಲ್ಟಿನ ಮಾನಕವನ್ನು ಕಾಯುವ ಹೊಣೆ ಅದರದು. ಅದರಿಂದಾಚೆಗೆ? ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿನ ವೋಲ್ಟಿಗೆ ಆಸರೆಯಾಗಿದ್ದುದು 1893ರಲ್ಲಿ ಎಡ್ವರ್ಡ್ ವೆಸ್ಟನ್ ರೂಪಿಸಿದ ಪಾದರಸ-ಕ್ಯಾಡ್ಮಿಯಮ್ಮಿನ ಗಾಜಿನ ಕೋಶ. 20 ಡಿಗ್ರಿಯಲ್ಲಿ ಅದು 1.0183 ವೋಲ್ಟ್ ಕೊಡುತ್ತಿತ್ತು. ಆದರೆ ಅದೂ ಒಂದು ವಸ್ತು. ಮುಪ್ಪು, ಅಲುಗಾಟ, ಬಿಸಿಲು ತಂಪು ಅದನ್ನೂ ಬಿಡುತ್ತಿರಲಿಲ್ಲ. 1962ರಲ್ಲಿ ಕೇಂಬ್ರಿಜಿನಲ್ಲಿ ಬ್ರಯನ್ ಜೋಸೆಫ್‌ಸನ್ ಎಂಬ ಇಪ್ಪತ್ತೆರಡು ವರ್ಷದ ವಿದ್ಯಾರ್ಥಿ ಒಂದು ಹೊಸ ಮಾತು ಹೇಳಿದ. ಅತಿ ತಂಪಾಗಿಸಿದ ಎರಡು ಅತಿವಾಹಕಗಳ ನಡುವಿನ ತೆಳು ಸಂಧಿಗೆ ಸೂಕ್ಷ್ಮ ತರಂಗಗಳನ್ನು ಹಾಯಿಸಿದರೆ ಅದರ ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೆಟ್ಟಿಲಿನ ಎತ್ತರ ಆ ತರಂಗದ ಆವೃತ್ತಿಯನ್ನಲ್ಲದೆ ಬೇರೇನನ್ನೂ ಅವಲಂಬಿಸುವುದಿಲ್ಲ. 1973ರಲ್ಲಿ ಅದಕ್ಕೆ ನೊಬೆಲ್ ಬಹುಮಾನ ಬಂದಿತು. 1990ರ ಜನವರಿ 1ರಿಂದ ಜಗತ್ತಿನ ಪ್ರಯೋಗಾಲಯಗಳು ವೋಲ್ಟನ್ನು ಈ ಮೆಟ್ಟಿಲುಗಳಿಂದಲೇ ಎಣಿಸುತ್ತಿವೆ; 2019ರ ಮೇ 20ರಿಂದ ಅಳತೆಯ ಮೂಲವನ್ನು ಪ್ರಕೃತಿಯ ಸ್ಥಿರಾಂಕಗಳ ಮೇಲೆಯೇ ನಿಲ್ಲಿಸಲಾಗಿದೆ. ಸವೆಯದ ಸೇರು ಕಡೆಗೂ ದೊರೆಯಿತು. ಆದರೆ ಅದು ಯಾರ ಮನೆಯ ಪಾತ್ರೆಯೂ ಅಲ್ಲ.

ಈ ಸರಪಣಿಯನ್ನು ಕೇಳುವಾಗ ಸೇಡಮಿಗೆ ಹತ್ತಿರದ ಮಳಖೇಡವನ್ನು ನಾನು ನೆನೆಯದಿರುವುದು ಸಾಧ್ಯವಿರಲಿಲ್ಲ. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದಾಗ, ಲೆಕ್ಕಕ್ಕೆ ಇಳಿಯುವ ಮೊದಲೇ ಸ್ಥಳ, ಕಾಲ, ಧಾನ್ಯ, ಚಿನ್ನ, ಬೆಳ್ಳಿಗಳ ಅಳತೆಗಳನ್ನು ನಿರ್ಣಯಿಸಿಕೊಂಡ. ಅದೇ ಆಸ್ಥಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವುದೆಂದು ಹೇಳುವಾಗ ರಾಜಧಾನಿಯಾದ ಮಾನ್ಯಖೇಟವನ್ನು ಹೆಸರಿಸಲಿಲ್ಲ. ದೂರದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು ಹೆಸರಿಸಿತು. ಮೂವತ್ತು ವರ್ಷ ಇದನ್ನು ಪಾಠ ಹೇಳಿದೆ. ಅದರ ದೊಡ್ಡತನ ನನಗೆ ಹೊಳೆದದ್ದು ಒಂದು ಬ್ಯಾಟರಿ ಹಾಳಾದ ಮೇಲೆ. ಅಧಿಕಾರವಿರುವ ಕಡೆಯೇ ಪ್ರಮಾಣವೂ ಇರಬೇಕೆಂದಿಲ್ಲ. ತನ್ನ ಮಾತನ್ನು ತನ್ನ ಮನೆಯ ಹೊರಗಿನ ಅಳತೆಗೆ ಒಡ್ಡಿ ನೋಡಲು ಒಪ್ಪುವುದೇ ಶಾಸ್ತ್ರದ ಮೊದಲ ಲಕ್ಷಣ. ಚಿಂಚೋಳಿಯಲ್ಲಿ ಆ ರಿಪೇರಿಯವನ ಎದುರು ನಾನು ಮಾಡದೆ ಹೋದುದು ಇದನ್ನೇ.

ಅಕ್ಕನ ಮನೆಗೆ ಈಗ ಹೊಸ ಬ್ಯಾಟರಿ ಬಂದಿದೆ. ಒಂದೇ ಬ್ಯಾಟರಿಯನ್ನು ನಂಬಿ ಉಸಿರನ್ನು ಒಪ್ಪಿಸಬಾರದೆಂದು ಚಿಕ್ಕದೊಂದು ಆಮ್ಲಜನಕದ ಸಿಲಿಂಡರನ್ನೂ ಮಗ ತಂದಿಟ್ಟಿದ್ದಾನೆ. ಅದೇ ರಿಪೇರಿಯವನನ್ನು ಕರೆಸಿ, ನಡೆದುದನ್ನು ಹೇಳಿ, ಚಾರ್ಜರನ್ನು ಮೊದಲಿನಂತೆ ಮಾಡಿಸಿದೆ. ಅವನು ನನ್ನನ್ನು ಹೀಯಾಳಿಸಲಿಲ್ಲ. ತನ್ನ ಮೀಟರನ್ನು ಚೀಲದಿಂದ ತೆಗೆದು, “ಇದನ್ನೂ ಒಮ್ಮೆ ನೋಡ್ರಿ ಸರ” ಎಂದು ಸ್ನೇಹಿತರ ಕೈಗೆ ಕೊಟ್ಟ.

ನನ್ನ ಹಳದಿ ಮೀಟರು ಇನ್ನೂ ನನ್ನ ಬಳಿಯಿದೆ. ಅದರ ಬೆನ್ನ ಮೇಲೊಂದು ಚೀಟಿಯಿದೆ: ಬ್ಯಾಟರಿ ಬದಲಿಸಿದ ತಾರೀಖು, ಹೋಲಿಸಿ ನೋಡಿದ ತಾರೀಖು, ಕಂಡ ವ್ಯತ್ಯಾಸ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಅದನ್ನು ಹೊಸದಾಗಿ ಬರೆಯುತ್ತೇನೆ.